ಹೊಟ್ಟೆಯೊಳಗಿನ ಹುಣ್ಣಿಗೆ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತ ಗಾದೆ ಇದೆಯಲ್ಲ, ನಿಜವಾದ ಮಾತೇ. ಆದರೆ ಗಾದೆ ಕಟ್ಟಿದ ಹಿರಿಯರು ಅಂಗೈ ಹುಣ್ಣಿನ ವಿಷಯ ಹೇಳಿ ಸುಮ್ಮನಾಗಿಬಿಟ್ಟರು. ಹೊಟ್ಟೆಯೊಳಗಿನ ಹುಣ್ಣಿಗೆ ಏನು ಮಾಡಬೇಕು ಅಂತ ಹೇಳಲಿಲ್ಲ. ಪಾಪ, ಅವರಾದರೂ ಏನು ಹೇಳಿಯಾರು? ಗಂಟಲಿನಿಂದ ಕೆಳಗೆ ನಮ್ಮ ಮೈಯೊಳಗೆ ಏನು ನಡೀತಿದೆ ಅನ್ನೋದು ನಮಗೇ ಕಾಣೋದಿಲ್ಲ. ನೋವು ಬಂದಾಗ ಮಾತ್ರ ಅಲ್ಲೊಂದು ಹೊಟ್ಟೆ ಇದೆ ಅಂತ ನೆನಪಾಗುತ್ತೆ.

ನಮ್ಮ ಕಡೆಯಂತೂ ಆ ನೋವಿಗೆ ಒಂದೇ ಹೆಸರು. ಗ್ಯಾಸ್ಟ್ರಿಕ್! ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್, ತಲೆನೋವು ಬಂದರೂ ಗ್ಯಾಸ್ಟ್ರಿಕ್. ಅದು ಕಾಯಿಲೆಯ ಹೆಸರು ಅನ್ನೋದಕ್ಕಿಂತ ಮನೆಯ ಒಬ್ಬ ಸದಸ್ಯನ ಹೆಸರು ಅಂದರೇ ಸರಿ. ಅದಕ್ಕೆ ಒಂದು ಲೋಟ ಜೀರಿಗೆ ಕಷಾಯ, ಜಾಸ್ತಿಯಾದರೆ ಮೆಡಿಕಲ್ ಶಾಪಿನಿಂದ ಒಂದು ಗುಲಾಬಿ ಬಣ್ಣದ ಸಿರಪ್ಪು. ಅಲ್ಲಿಗೆ ವಿಷಯ ಮುಗೀತು.

ನಮ್ಮ ಚಿಕ್ಕಪ್ಪನ ವಿಷಯದಲ್ಲಿ ಮಾತ್ರ ಅಲ್ಲಿಗೆ ಮುಗೀಲಿಲ್ಲ.

ಚಿಕ್ಕಪ್ಪ ಅಂದ್ರೆ ಅಪ್ಪನ ತಮ್ಮ. ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಎರಡು ಎಕರೆ ಅಡಿಕೆ ತೋಟ. ಬಾಯಲ್ಲಿ ಯಾವಾಗಲೂ ಕವಳ. ಕವಳ ಅಂದ್ರೆ ಗೊತ್ತಲ್ಲ, ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದೆಳೆ ಹೊಗೆಸೊಪ್ಪು. 2013ರ ಮಳೆಗಾಲದಲ್ಲಿ ಅವನು ದೋಸೆ ತಿನ್ನುವಾಗ ನಡುನಡುವೆ ನೀರು ಕುಡಿಯೋಕೆ ಶುರು ಮಾಡಿದ. ಆಮೇಲೆ ದೋಸೆ ಬೇಡ, ಅನ್ನ ಸಾಕು ಅಂದ. ಅದಾಗಿ ಒಂದೂವರೆ ತಿಂಗಳಿಗೆ ಅನ್ನಕ್ಕೆ ಮಜ್ಜಿಗೆ ಹಾಕಿ ಕಿವುಚಿ ಕೊಡು ಅಂದ. ಕೊನೆಗೆ ಗಂಜಿ. ಕೇಳಿದವರಿಗೆಲ್ಲ ಒಂದೇ ಉತ್ತರ, 'ಗ್ಯಾಸ್ಟ್ರಿಕ್ ಮಾರಾಯ, ಕೊನೆ ಕೊಯ್ಲು ಮುಗೀಲಿ, ತೋರಿಸ್ತೇನೆ'. ಕೊಯ್ಲು ಮುಗಿದು ಸುಲಿತ ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ತೋರಿಸಿದ. ಗಂಟಲಿಂದ ಇಳಿಬಿಟ್ಟ ಕೊಳವೆ ಅನ್ನನಾಳದ ಅರ್ಧದಾರಿಯಿಂದ ಮುಂದೆ ಹೋಗಲೇ ಇಲ್ಲ. ಅಷ್ಟು ಕಟ್ಟಿಕೊಂಡಿತ್ತು. 2014ರ ಮಳೆಗಾಲಕ್ಕೆ ಚಿಕ್ಕಪ್ಪ ಇರಲಿಲ್ಲ.

ಅನ್ನನಾಳ ರಬ್ಬರಿನ ಹಾಗೆ ಹಿಗ್ಗುವ ಕೊಳವೆ. ಅದರ ಗೋಡೆಯಲ್ಲಿ ಗಡ್ಡೆ ಬೆಳೀತಾ ಬಂದರೂ ತುತ್ತು ಹೇಗೋ ಪಕ್ಕದಿಂದ ಜಾರಿಕೊಂಡು ಹೋಗುತ್ತೆ. ಗಟ್ಟಿ ತಿಂಡಿ ಸಿಕ್ಕಿಹಾಕಿಕೊಳ್ಳೋಕೆ ಶುರುವಾಗುವ ಹೊತ್ತಿಗೆ ಕೊಳವೆ ಸಾಕಷ್ಟು ಕಿರಿದಾಗಿರುತ್ತೆ. ಅಂದ್ರೆ ದೇಹ ನಮಗೆ 'ನೋಡೋ' ಅಂತ ಹೇಳೋದೇ ತಡವಾಗಿ. ಹಾಗಾದರೆ ಅದಕ್ಕಿಂತ ಮೊದಲು ನೋಡೋದು ಹೇಗೆ? ಈ ಪ್ರಶ್ನೆ ನನ್ನ ತಲೆಯಲ್ಲಿ ಹತ್ತು ವರ್ಷದಿಂದ ಕೂತಿತ್ತು. ಹೋದ ವರ್ಷ ಅದು ನನ್ನದೇ ಹೊಟ್ಟೆಯ ಪ್ರಶ್ನೆ ಆಯಿತು. ಅದನ್ನು ಆಮೇಲೆ ಹೇಳ್ತೀನಿ. ಮೊದಲು ಈ ಒಳಗನ್ನಡಿಯ ಕಥೆ ಕೇಳಿ, ತುಂಬಾ ಚೆನ್ನಾಗಿದೆ.

ಇಲ್ಲಿಗೆ ಬರುವವರಿಗೆ ನನ್ನ ಕ್ಯಾಮೆರಾ ಹುಚ್ಚು ಗೊತ್ತೇ ಇದೆ. ಇಬ್ಬನಿ, ಜೇಡ, ಅಣಬೆ ಅಂತ ಬೆಳಗಾಗೆದ್ದು ನೆಲಕ್ಕೆ ಮೂಗು ಉಜ್ಜುವವನು ನಾನು. ಫೋಟೋ ತೆಗೆಯುವವನಿಗೆ ಒಂದು ಸತ್ಯ ಬೇಗ ತಿಳಿಯುತ್ತೆ. ಲೆನ್ಸು, ಕ್ಯಾಮೆರಾ ಎಲ್ಲಾ ಆಮೇಲೆ, ಮೊದಲು ಬೆಳಕು. ಹೊಟ್ಟೆಯೊಳಗೆ ಇಣುಕಲು ಹೊರಟವರ ಕಥೆಯೂ ಬೆಳಕಿನದೇ ಕಥೆ.

1806ರಲ್ಲಿ ಫಿಲಿಪ್ ಬೋಝಿನಿ ಅನ್ನುವ ಜರ್ಮನ್ ವೈದ್ಯ ಒಂದು ಉಪಕರಣ ಮಾಡಿದ. ಒಳಗೆ ಮೇಣದ ಬತ್ತಿ, ಅದರ ಬೆಳಕನ್ನು ಒಂದು ಕಡೆ ತಿರುಗಿಸೋಕೆ ಕನ್ನಡಿ, ಮುಂದೆ ಒಂದು ಕೊಳವೆ. ಅದನ್ನು ದೇಹದ ದ್ವಾರಗಳಲ್ಲಿಟ್ಟು ಒಳಗೆ ನೋಡೋದು. ನೋಡಿ, ಗಾದೆಯ ಕನ್ನಡಿ ಬಂದೇ ಬಂತು :-) ಅದು ಹೆಚ್ಚು ದೂರ ಹೋಗಲಿಲ್ಲ. 1868ರಲ್ಲಿ ಅಡಾಲ್ಫ್ ಕುಸ್ಮಾಲ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯ ಹೊಟ್ಟೆಯ ತನಕ ಹೋಗುವ ನೇರ ಕೊಳವೆ ಮಾಡಿದ. ಆದರೆ ಅಷ್ಟುದ್ದದ ಕಬ್ಬಿಣದಂಥಾ ಕೊಳವೆ ನುಂಗುವವರು ಯಾರು? ಕತ್ತಿ ನುಂಗುವ ಸರ್ಕಸ್ಸಿನವನನ್ನು ಹಿಡಿದು ತಂದ! ನಮ್ಮ ಜಾತ್ರೆಗಳಲ್ಲೂ ಕತ್ತಿ ನುಂಗುವವರು ಬರುತ್ತಿದ್ದರು, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಹೀಗೂ ಒಂದು ಉಪಯೋಗ ಇದೆ ಅಂತ ಯಾರಿಗೆ ಹೊಳೆದಿತ್ತು. ಕೊಳವೆ ಹೋಯಿತು, ಆದರೆ ಬೆಳಕು ಸಾಲಲಿಲ್ಲ, ಹೆಚ್ಚೇನೂ ಕಾಣಲಿಲ್ಲ.

ನನಗೆ ಬಹಳ ಇಷ್ಟವಾದದ್ದು ಜಪಾನಿನವರ ಕೆಲಸ. 1950ರ ಸುಮಾರಿಗೆ ಟೋಕಿಯೋದ ವೈದ್ಯ ತಾತ್ಸುರೋ ಉಜಿ ಮತ್ತು ಒಲಿಂಪಸ್ ಕಂಪನಿಯ ಎಂಜಿನಿಯರುಗಳು ಸೇರಿ ಗ್ಯಾಸ್ಟ್ರೋ ಕ್ಯಾಮೆರಾ ಮಾಡಿದರು. ಕೊಳವೆಯ ತುದಿಗೆ ಒಂದು ಪುಟಾಣಿ ಕ್ಯಾಮೆರಾ, ಪುಟಾಣಿ ಫಿಲ್ಮು, ಪುಟಾಣಿ ಬಲ್ಬು. ರೋಗಿ ಅದನ್ನು ನುಂಗಬೇಕು. ವೈದ್ಯರಿಗೆ ಒಳಗೇನೂ ಕಾಣೋದಿಲ್ಲ. ಕೋಣೆಯನ್ನು ಕತ್ತಲು ಮಾಡಿ, ಬಲ್ಬು ಉರಿದಾಗ ಹೊಟ್ಟೆಯ ಚರ್ಮದ ಮೇಲೆ ಮಿಂಚಿದ ಬೆಳಕನ್ನು ನೋಡಿ, ಕ್ಯಾಮೆರಾ ಎಲ್ಲಿದೆ ಅಂತ ಅಂದಾಜು ಮಾಡೋದು. ಆಮೇಲೆ ಫಿಲ್ಮ್ ತೊಳೆದು ನೋಡಬೇಕು, ಏನು ಬಂದಿದೆಯೋ ಏನು ಬಂದಿಲ್ಲವೋ. ಫಿಲ್ಮ್ ಕಾಲದಲ್ಲಿ ಫೋಟೋ ತೆಗೆದವರಿಗೆ ಆ ಕಾಯುವಿಕೆ ಗೊತ್ತು. ಇಲ್ಲಿ ಕಾಯುತ್ತಿದ್ದದ್ದು ಮಾತ್ರ ಮದುವೆ ಫೋಟೋಗಲ್ಲ.

ಬೆಳಕನ್ನು ಬಗ್ಗಿಸಿ ಒಯ್ಯುವ ದಾರಿ ತೋರಿಸಿದವರಲ್ಲಿ ನಮ್ಮವನೊಬ್ಬ ಇದ್ದಾನೆ. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರ ಕೈಕೆಳಗೆ ಕೆಲಸ ಮಾಡುತ್ತಾ, ಕೂದಲಿನಂಥ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿಸಬಹುದು ಅಂತ 1954ರಲ್ಲಿ ಇಬ್ಬರೂ ನೇಚರ್ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ಬೇಸಿಲ್ ಹಿರ್ಶೋವಿಟ್ಜ್ ಎಂಬ ವೈದ್ಯ ಅಮೆರಿಕದ ಮಿಶಿಗನ್‌ನಲ್ಲಿ ಆ ಎಳೆಗಳಿಂದಲೇ ಬಾಗುವ ಕೊಳವೆ ಮಾಡಲು ಕೂತ. ಎಳೆಯಿಂದ ಎಳೆಗೆ ಬೆಳಕು ಸೋರಿಹೋಗುತ್ತಿತ್ತು. ಲ್ಯಾರಿ ಕರ್ಟಿಸ್ ಅನ್ನುವ ಹುಡುಗ, ಇನ್ನೂ ಕಾಲೇಜು ವಿದ್ಯಾರ್ಥಿ, 1956ರ ಕೊನೆಯಲ್ಲಿ ಗಾಜಿನ ಎಳೆಗೆ ಇನ್ನೊಂದು ಗಾಜಿನ ಹೊದಿಕೆ ಹಾಕಿ ಆ ಸೋರಿಕೆ ನಿಲ್ಲಿಸಿದ. 1957ರಲ್ಲಿ ಹಿರ್ಶೋವಿಟ್ಜ್ ಆ ಕೊಳವೆಯನ್ನು ರೋಗಿಗೆ ಹಾಕುವ ಮೊದಲು ತಾನೇ ನುಂಗಿ ನೋಡಿದ. ಇಂಥವರ ಮೇಲೆ ನನಗೆ ಎಲ್ಲಿಲ್ಲದ ಗೌರವ.

ಇನ್ನೊಂದು ಸ್ವಾರಸ್ಯ ಕೇಳಿ. 2009ರ ಭೌತಶಾಸ್ತ್ರದ ನೊಬೆಲ್ ಅರ್ಧ ಹೋದದ್ದು ಗಾಜಿನ ಎಳೆಯಲ್ಲಿ ಬೆಳಕನ್ನು ದೂರ ಸಾಗಿಸುವ ಕೆಲಸಕ್ಕೆ, ಚಾರ್ಲ್ಸ್ ಕಾವ್ ಅವರಿಗೆ. ಇನ್ನರ್ಧ ಸಿಸಿಡಿ ಎಂಬ ಡಿಜಿಟಲ್ ಕಣ್ಣು ಕಂಡುಹಿಡಿದ ಬಾಯ್ಲ್ ಮತ್ತು ಸ್ಮಿತ್ ಅವರಿಗೆ. ಎಂಡೋಸ್ಕೋಪಿನ ಕಥೆಯಲ್ಲಿ ಎರಡೂ ಇವೆ. ಮೊದಲು ಚಿತ್ರ ಗಾಜಿನ ಎಳೆಯಲ್ಲಿ ಬರುತ್ತಿತ್ತು, ಒಬ್ಬ ವೈದ್ಯ ಒಂದು ಕಣ್ಣು ಮುಚ್ಚಿ ನೋಡಬೇಕಿತ್ತು. 1983ರಿಂದ ಕೊಳವೆಯ ತುದಿಯಲ್ಲೇ ಸಿಸಿಡಿ ಕೂತು ಚಿತ್ರ ಟಿವಿ ಪರದೆಗೆ ಬಂತು. ಕಪಾನಿಗೆ ನೊಬೆಲ್ ಸಿಗಲಿಲ್ಲ. 2020ರಲ್ಲಿ ತೀರಿಕೊಂಡರು, ಮರುವರ್ಷ ನಮ್ಮ ಸರ್ಕಾರ ಪದ್ಮವಿಭೂಷಣ ಕೊಟ್ಟಿತು.

ಸರಿ, ಒಳಗೆ ಹೋಗೋಕೆ ದಾರಿಯಾಯಿತು, ಬೆಳಕಾಯಿತು, ಕಣ್ಣೂ ಆಯಿತು. ಇನ್ನೇನು ಬೇಕು ಅನ್ನಿಸುತ್ತೆ ಅಲ್ವಾ? ಅಸಲಿ ತೊಂದರೆ ಶುರುವಾಗೋದು ಇಲ್ಲಿ. ದೊಡ್ಡ ಗಡ್ಡೆ ಯಾರಿಗಾದರೂ ಕಾಣುತ್ತೆ. ಚಿಕ್ಕಪ್ಪನದು ನನಗೂ ಕಾಣುತ್ತಿತ್ತು. ಆದರೆ ಕ್ಯಾನ್ಸರ್ ಮೊದಲಿಗೆ ಗಡ್ಡೆಯಾಗಿರೋದೇ ಇಲ್ಲ ಎಷ್ಟೋ ಸಲ. ಚಪ್ಪಟೆ. ಸುತ್ತಲಿನ ಗುಲಾಬಿ ಬಣ್ಣಕ್ಕಿಂತ ಒಂಚೂರು ಕೆಂಪು ಅಥವಾ ಒಂಚೂರು ಮಂಕು. ಹಸಿರು ಎಲೆಯ ಮೇಲೆ ಕೂತ ಹಸಿರು ಮಿಡತೆ ಹುಡುಕಿದ ಹಾಗೆ. ಎದುರಿಗೇ ಇರುತ್ತೆ, ಕಾಣೋದಿಲ್ಲ.

ಇದಕ್ಕೆ ಮೊದಲ ಉಪಾಯ ಬಣ್ಣ ಬಳಿಯೋದು. ಹೈಸ್ಕೂಲಿನಲ್ಲಿ ಆಲೂಗಡ್ಡೆ ಹೋಳಿನ ಮೇಲೆ ಅಯೋಡಿನ್ ಹಾಕಿದರೆ ಕಪ್ಪು ನೀಲಿ ಆಗುತ್ತಿತ್ತಲ್ಲ, ಪಿಷ್ಟ ಇದೆ ಅಂತ ಬರೆದುಕೊಳ್ಳುತ್ತಿದ್ದೆವಲ್ಲ, ಅದೇ ತರಹ. ಅನ್ನನಾಳದ ಆರೋಗ್ಯವಂತ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ನೆಂಟ ಇರುತ್ತೆ. ಎಂಡೋಸ್ಕೋಪಿನ ಮೂಲಕ ಲ್ಯೂಗಾಲ್ ಎಂಬ ಅಯೋಡಿನ್ ದ್ರಾವಣ ಚಿಮುಕಿಸಿದರೆ ಅನ್ನನಾಳ ಪೂರ್ತಿ ಕಂದು ಬಣ್ಣಕ್ಕೆ ತಿರುಗುತ್ತೆ. ಕೆಟ್ಟುಹೋಗುತ್ತಿರುವ ಕೋಶಗಳಲ್ಲಿ ಗ್ಲೈಕೋಜನ್ ಕಡಿಮೆ. ಅಷ್ಟು ಜಾಗ ಮಾತ್ರ ಬಣ್ಣ ಹಿಡಿಯದೆ ಬೆಳ್ಳಗೆ ಉಳಿಯುತ್ತೆ. ಮನೆಯವರೆಲ್ಲ ಊಟಕ್ಕೆ ಕೂತಾಗ ಒಬ್ಬನೇ ಎದ್ದು ನಿಂತಂತೆ ಎದ್ದು ಕಾಣುತ್ತೆ. ದೊಡ್ಡ ಯಂತ್ರ ಬೇಡ, ಸಾಧಾರಣ ಸ್ಕೋಪು, ಒಂದಿಷ್ಟು ಅಯೋಡಿನ್ ಸಾಕು. ಎದೆ ಉರಿಯುತ್ತೆ ಅನ್ನೋದು ಇದರ ಕಿರಿಕಿರಿ. ಜಠರ ಮತ್ತು ಕರುಳಿಗೆ ಇಂಡಿಗೋ ಕಾರ್ಮಿನ್ ಎಂಬ ನೀಲಿ ಬಳಸ್ತಾರೆ. ಅದು ಕೋಶದೊಳಗೆ ಇಳಿಯೋದಿಲ್ಲ. ಮಳೆನೀರು ಗದ್ದೆಯ ತಗ್ಗಿನಲ್ಲಿ ನಿಂತ ಹಾಗೆ ಮೇಲ್ಮೈಯ ತಗ್ಗುಗಳಲ್ಲಿ ನಿಂತು ಏರುತಗ್ಗನ್ನು ತೋರಿಸಿಕೊಡುತ್ತೆ.

ಎರಡನೇ ಉಪಾಯ ಫೋಟೋಗ್ರಾಫರಿಗೆ ಖುಷಿ ಕೊಡುವಂಥದ್ದು. ಬಣ್ಣವನ್ನು ಹೊಟ್ಟೆಗೆ ಬಳಿಯುವ ಬದಲು ಬೆಳಕಿಗೇ ಬಳಿಯೋದು! ಇದಕ್ಕೆ ನ್ಯಾರೋ ಬ್ಯಾಂಡ್ ಇಮೇಜಿಂಗ್ ಅಂತಾರೆ. ಜಪಾನಿನಲ್ಲಿ ಹುಟ್ಟಿ 2005ರ ಹೊತ್ತಿಗೆ ಮಾರುಕಟ್ಟೆಗೆ ಬಂದದ್ದು. ಬಿಳಿ ಬೆಳಕಿನಲ್ಲಿ ಎಲ್ಲಾ ಬಣ್ಣವೂ ಇದೆಯಷ್ಟೇ. ಫಿಲ್ಟರ್ ಹಾಕಿ ಅದರಲ್ಲಿ ಎರಡೇ ಎರಡು ಸಣ್ಣ ಪಟ್ಟಿ ಉಳಿಸಿಕೊಳ್ತಾರೆ. 415 ನ್ಯಾನೋಮೀಟರ್ ಆಸುಪಾಸಿನ ನೀಲಿ, 540ರ ಆಸುಪಾಸಿನ ಹಸಿರು. ಇವೆರಡೇ ಯಾಕೆ ಅಂದ್ರೆ ರಕ್ತದ ಹಿಮೋಗ್ಲೋಬಿನ್ ಚೆನ್ನಾಗಿ ಹೀರಿಕೊಳ್ಳುವ ಬಣ್ಣಗಳು ಇವು. ನೀಲಿ ಆಳಕ್ಕೆ ಇಳಿಯೋದಿಲ್ಲ, ಮೇಲ್ಪದರದಲ್ಲೇ ನಿಲ್ಲುತ್ತೆ. ಹಾಗಾಗಿ ಮೇಲಿನ ಕೂದಲೆಳೆಯಂಥ ರಕ್ತನಾಳಗಳು ಕಂದಾಗಿ ಕಾಣ್ತವೆ. ಹಸಿರು ಇನ್ನೂ ಸ್ವಲ್ಪ ಕೆಳಗೆ ಹೋಗುತ್ತೆ, ಆಳದ ದೊಡ್ಡ ನಾಳಗಳು ಹಸಿರು ನೀಲಿಯಾಗಿ ಕಾಣ್ತವೆ. ಕ್ಯಾನ್ಸರಿಗೆ ಬೆಳೆಯೋಕೆ ರಕ್ತ ಬೇಕು. ಅದು ಹೊಸ ನಾಳಗಳನ್ನು ಎಳೆದುಕೊಳ್ಳುತ್ತೆ, ಇದ್ದ ನಾಳಗಳನ್ನು ಹಿಗ್ಗಿಸಿ ತಿರುಚುತ್ತೆ. ಬಿಳಿ ಬೆಳಕಿನಲ್ಲಿ ಮರೆಯಾಗಿದ್ದ ಆ ತಿರುಚು ಈ ಬೆಳಕಿನಲ್ಲಿ ಕಂದು ಮಚ್ಚೆಯಾಗಿ ಕಣ್ಣಿಗೆ ಹೊಡೆಯುತ್ತೆ. ವೈದ್ಯರು ಮಾಡಬೇಕಾದ್ದು ಒಂದು ಗುಂಡಿ ಒತ್ತೋದು, ಅಷ್ಟೇ.

ಇದಕ್ಕಿಂತ ಮುಂದೆ ಹೋದವರೂ ಇದ್ದಾರೆ. ಕಾನ್‌ಫೋಕಲ್ ಎಂಡೋಮೈಕ್ರೋಸ್ಕೋಪಿ ಅಂತ ಒಂದಿದೆ, ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣವನ್ನು ರಕ್ತಕ್ಕೆ ಕೊಟ್ಟು, ಲೇಸರ್ ಬೆಳಕಿನಲ್ಲಿ ಒಂದೊಂದು ಜೀವಕೋಶವನ್ನೂ ಅಲ್ಲೇ, ಜೀವಂತವಾಗಿರುವಾಗಲೇ ನೋಡೋದು. ಮಾಂಸದ ಚೂರು ಕಿತ್ತು ಲ್ಯಾಬಿಗೆ ಕಳಿಸುವ ಬದಲು ಲ್ಯಾಬನ್ನೇ ಹೊಟ್ಟೆಗೆ ಕಳಿಸಿದ ಹಾಗೆ. ಓಸಿಟಿ ಅಂತ ಇನ್ನೊಂದು. ಕಣ್ಣಿನ ಆಸ್ಪತ್ರೆಗೆ ಹೋದವರು ಈ ಹೆಸರು ಕೇಳಿರ್ತೀರಿ, ರೆಟಿನಾ ನೋಡೋಕೆ ಗಲ್ಲ ಇಟ್ಟು ಕೂರಿಸ್ತಾರಲ್ಲ, ಅದೇ. ಅಲ್ಟ್ರಾಸೌಂಡಿನಲ್ಲಿ ಶಬ್ದ ಮಾಡುವ ಕೆಲಸವನ್ನು ಇಲ್ಲಿ ಬೆಳಕು ಮಾಡುತ್ತೆ. 1991ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಂದದ್ದು. ಒಂದೆರಡು ಮಿಲಿಮೀಟರ್ ಆಳದವರೆಗೆ ಪದರ ಪದರವಾಗಿ, ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ತೋರಿಸುತ್ತೆ. ಕೊಳವೆಯ ತುದಿಗೆ ಕೂರಿಸಿ ಅನ್ನನಾಳಕ್ಕೂ ಹೃದಯದ ರಕ್ತನಾಳಕ್ಕೂ ಕಳಿಸಿದ್ದಾರೆ. ಮೂತ್ರಕೋಶಕ್ಕೆ ಬೇರೆಯೇ ಉಪಾಯ. ಒಂದು ಔಷಧಿ ತುಂಬಿಸಿ ಸ್ವಲ್ಪ ಹೊತ್ತು ಬಿಟ್ಟು ನೀಲಿ ಬೆಳಕು ಹಾಯಿಸಿದರೆ ಕ್ಯಾನ್ಸರ್ ಕೋಶಗಳು ತಾವಾಗಿ ಕೆಂಪಗೆ ಹೊಳೀತವೆ, ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆದ ಹಾಗೆ.

ನಮ್ಮ ರಾಮನ್ ಕೂಡ ಈ ಕೊಳವೆಯೊಳಗೆ ಇಳಿದಿದ್ದಾರೆ ಅಂದ್ರೆ ನಂಬ್ತೀರಾ? 1928ರ ಫೆಬ್ರವರಿ 28ರಂದು ಕೋಲ್ಕತ್ತಾದಲ್ಲಿ ಅವರು ಕಂಡದ್ದು, ಅಣುಗಳಿಗೆ ತಾಗಿ ಚೆದುರಿದ ಬೆಳಕಿನ ಒಂದು ಪುಟ್ಟ ಪಾಲು ಬಣ್ಣ ಬದಲಿಸಿಕೊಂಡು ಬರುತ್ತೆ ಅಂತ. ಆ ಬದಲಾವಣೆ ಪ್ರತಿಯೊಂದು ಬಗೆಯ ಅಣುವಿಗೂ ಅದರದೇ ಆದ ಸಹಿ. ಕೆಟ್ಟ ಕೋಶದ ಅಣುಗಳ ಸಹಿ ಒಳ್ಳೆಯ ಕೋಶದ ಸಹಿಯ ಹಾಗಿರೋದಿಲ್ಲ. ಎಂಡೋಸ್ಕೋಪಿನ ಒಳಗೆ ತೂರುವ ರಾಮನ್ ಪ್ರೋಬ್ ಮಾಡಿ ಜಠರದ ಮೇಲೆ ಪರೀಕ್ಷೆ ಮಾಡುವ ಸಂಶೋಧನೆ ಸಿಂಗಪುರದಲ್ಲಿ ನಡೆದಿದೆ. ಬೆಂಗಳೂರಿನಲ್ಲಿ ಮೇಖ್ರಿ ಸರ್ಕಲ್ ಕಡೆ ಹೋಗುವಾಗ ರಾಮನ್ ಸಂಸ್ಥೆಯ ಮರಗಳನ್ನು ನೋಡಿದಾಗಲೆಲ್ಲ ಈಗ ನನಗೆ ಹೊಟ್ಟೆ ನೆನಪಾಗುತ್ತೆ, ಏನು ಮಾಡೋದು ಹೇಳಿ :-)

ಈಗ ನನ್ನ ಹೊಟ್ಟೆಯ ವಿಷಯ.

ವಯಸ್ಸು ನಲವತ್ತಾರು. ನಾಲ್ಕು ತಿಂಗಳಿಂದ ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಉರಿ, ಊಟ ಅರ್ಧಕ್ಕೇ ಸಾಕೆನ್ನಿಸೋದು. ಮನೆಯಲ್ಲಿ ಎಲ್ಲರೂ ಗ್ಯಾಸ್ಟ್ರಿಕ್ ಅಂದರು. ಆ ಪದ ಕೇಳಿದ್ದೇ ಚಿಕ್ಕಪ್ಪನ ಗಂಜಿ ಲೋಟ ಕಣ್ಣ ಮುಂದೆ ಬಂತು. ಮರುದಿನವೇ ಹೋಗಿ ಹೆಸರು ಬರೆಸಿದೆ.

ಹಿಂದಿನ ರಾತ್ರಿಯಿಂದ ಉಪವಾಸ. ಗಂಟಲಿಗೆ ಒಂದು ಸ್ಪ್ರೇ ಹೊಡೆದರು, ನಾಲಿಗೆ ನನ್ನದಲ್ಲ ಅನ್ನಿಸೋಕೆ ಶುರುವಾಯಿತು. ನಿದ್ದೆ ಇಂಜೆಕ್ಷನ್ ಬೇಕಾ ಅಂತ ಕೇಳಿದರು, ಬೇಡ ಅಂದೆ. ಧೈರ್ಯ ಅಂತಲ್ಲ, ಒಳಗೆ ನೋಡುವ ಆಸೆ. ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಉಂಗುರ ಇಟ್ಟರು. ಕಿರುಬೆರಳಿನಷ್ಟು ದಪ್ಪದ ಕರಿ ಕೊಳವೆ. ಗಂಟಲು ದಾಟುವಾಗ ಒಂದಷ್ಟು ಸೆಕೆಂಡು ನಿಜಕ್ಕೂ ಕಷ್ಟ, ಸುಳ್ಳು ಹೇಳೋದಿಲ್ಲ. ವಾಂತಿ ಬಂದ ಹಾಗೆ, ಕಣ್ಣಲ್ಲಿ ನೀರು. ನರ್ಸಮ್ಮ ಬೆನ್ನು ಸವರುತ್ತಾ 'ಮೂಗಲ್ಲಿ ಉಸಿರಾಡಿ, ಮೂಗಲ್ಲಿ ಉಸಿರಾಡಿ' ಅಂತಿದ್ದರು. ಗಂಟಲು ದಾಟಿದ ಮೇಲೆ ಏನೂ ಇಲ್ಲ, ಹೊಟ್ಟೆ ಉಬ್ಬಿದ ಹಾಗೆ ಅಷ್ಟೇ.

ಓರೆಗಣ್ಣಿಗೆ ಪರದೆ ಕಾಣುತ್ತಿತ್ತು. ನಾನು ಜೀವಮಾನದಲ್ಲಿ ನೋಡಿದ ಅತ್ಯಂತ ವಿಚಿತ್ರ ಫೋಟೋ ಅದು. ಒದ್ದೆ, ಗುಲಾಬಿ, ಮಡಿಕೆ ಮಡಿಕೆ, ಮಳೆಗಾಲದ ಕಾಡಿನಲ್ಲಿ ಕೊಳೆತ ಮರದ ಮೇಲೆ ಅರಳಿದ ಅಣಬೆಯ ಹಾಗೆ ಹೊಳೆಯುತ್ತಿತ್ತು. ಇದು ನನ್ನದೇ, ನಲವತ್ತಾರು ವರ್ಷ ಜೊತೆಗಿದ್ದದ್ದು, ಇವತ್ತೇ ಮೊದಲು ನೋಡ್ತಿರೋದು! ಅಷ್ಟರಲ್ಲಿ ಡಾಕ್ಟರು ಗುಂಡಿ ಒತ್ತಿದರು. ಪರದೆ ಇದ್ದಕ್ಕಿದ್ದಂತೆ ಹಸಿರು ನೀಲಿಯಾಯಿತು. ಜಠರದ ಕೆಳಭಾಗದಲ್ಲಿ ಒಂದು ಕಡೆ ನಿಂತರು. ಕೊಳವೆ ಅಲ್ಲೇ ಹಿಂದೆ ಮುಂದೆ ಆಡಿತು. ನೀರು ಚಿಮ್ಮಿಸಿದರು, ಇನ್ನೂ ಹತ್ತಿರ ಹೋದರು. ಬಿಳಿ ಬೆಳಕಿನಲ್ಲಿ ಅಲ್ಲಿ ನನಗೇನೂ ಕಂಡಿರಲಿಲ್ಲ. ಈಗ ಒಂದು ಕಡೆ ತೆಳು ನೀಲಿ ಅಂಚಿನ ಮಚ್ಚೆಗಳು, ಯಾರೋ ಸುಣ್ಣದ ಕೈ ಒರೆಸಿದ ಹಾಗೆ. ಡಾಕ್ಟರು ಮಾತಾಡಲಿಲ್ಲ. ಆ ಮೌನ ಇದೆಯಲ್ಲ, ಅದು ಕೊಳವೆಗಿಂತ ದಪ್ಪ ಇತ್ತು. ಚಿಮಟ ಕಳಿಸಿ ನಾಲ್ಕೈದು ಚೂರು ತೆಗೆದರು. ನೋವೇ ಆಗಲಿಲ್ಲ.

'ರಿಪೋರ್ಟ್ ಬರಲಿ, ಒಂದು ವಾರ' ಅಂದರು.

ಎಂಟು ದಿನ ಆಯಿತು. ಆ ಎಂಟು ದಿನ ನಾನು ಆಫೀಸಿಗೆ ಹೋದೆ, ಬಂದೆ, ಮಗಳ ಜೊತೆ ಕೇರಂ ಆಡಿದೆ. ಅವಳಿಗೆ ಹೇಳಿರಲಿಲ್ಲ. ಹೆಂಡತಿ ರಾತ್ರಿ ದೀಪ ಆರಿಸಿದ ಮೇಲೆ ಒಂದೇ ಒಂದು ಸಲ, 'ಚಿಕ್ಕಪ್ಪಂಗೆ ಆದಾಗ ಅವರಿಗೆ ಎಷ್ಟು ವಯಸ್ಸು?' ಅಂತ ಕೇಳಿದಳು. 'ಐವತ್ತೆಂಟು' ಅಂದೆ. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ರಿಪೋರ್ಟಿನಲ್ಲಿ ಇದ್ದದ್ದು ಕ್ಯಾನ್ಸರ್ ಅಲ್ಲ. ಏನೂ ಇಲ್ಲ ಅಂತಲೂ ಅಲ್ಲ. ಇಂಟೆಸ್ಟೈನಲ್ ಮೆಟಾಪ್ಲೇಸಿಯಾ ಅಂತ ಉದ್ದದ ಹೆಸರು. ಜಠರದ ಒಳಪದರ ಬಹಳ ವರ್ಷಗಳ ಉರಿಯೂತಕ್ಕೆ ಬೇಸತ್ತು ತನ್ನ ವೇಷ ಬಿಟ್ಟು ಕರುಳಿನ ವೇಷ ಹಾಕಿಕೊಂಡಿದೆ ಅಂತ ಅರ್ಥ. ಆ ತೆಳು ನೀಲಿ ಅಂಚು ಈ ವೇಷದ ಗುರುತಂತೆ. ಜೊತೆಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕೂಡ ಇತ್ತು. ಅದೇ ಈ ಉರಿಯೂತದ ಮೂಲ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಇದನ್ನು ಜಗತ್ತು ನಂಬದೇ ಹೋದಾಗ 1984ರಲ್ಲಿ ಬ್ಯಾಕ್ಟೀರಿಯಾದ ದ್ರಾವಣವನ್ನೇ ಕುಡಿದು ಕಾಯಿಲೆ ಬರಿಸಿಕೊಂಡವರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಈ ಎಂಡೋಸ್ಕೋಪಿ ಜನ ಎಲ್ಲಾ ತಮ್ಮ ಮೇಲೇ ಪ್ರಯೋಗ ಮಾಡಿಕೊಳ್ಳುವವರೇ, ನೋಡಿ.

ಡಾಕ್ಟರು ಒಂದು ಬಿಳಿ ಹಾಳೆಯಲ್ಲಿ ಮೆಟ್ಟಿಲು ಬರೆದು ತೋರಿಸಿದರು. ಮೊದಲ ಮೆಟ್ಟಿಲು ಉರಿಯೂತ, ಆಮೇಲೆ ಪದರ ಸವೆಯೋದು, ಆಮೇಲೆ ನನ್ನ ಮೆಟಾಪ್ಲೇಸಿಯಾ, ಅದರ ಮೇಲೆ ಡಿಸ್‌ಪ್ಲೇಸಿಯಾ, ಕೊನೆಗೆ ಕ್ಯಾನ್ಸರ್. 'ನನ್ನ ಹತ್ತಿರ ಬರುವ ನಿಮ್ಮಂಥವರಲ್ಲಿ ಹೆಚ್ಚಿನವರು ಈ ಮೂರನೇ ಮೆಟ್ಟಿಲಲ್ಲೇ ಕೂತು ಮುದುಕರಾಗ್ತಾರೆ. ಕೆಲವರು ಮಾತ್ರ ಹತ್ತುತ್ತಾರೆ. ಯಾರು ಹತ್ತುತ್ತಾರೆ ಅಂತ ಈಗಲೇ ಹೇಳೋಕೆ ಬರೋದಿಲ್ಲ, ಅದಕ್ಕೇ ನೋಡ್ತಾ ಇರೋಣ' ಅಂದರು. ಹದಿನಾಲ್ಕು ದಿನ ಎರಡು ಬಗೆಯ ಆಂಟಿಬಯೋಟಿಕ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ. ಬಾಯೆಲ್ಲಾ ಕಹಿ. ಬ್ಯಾಕ್ಟೀರಿಯಾ ಹೋಯಿತು. ಮೂರು ವರ್ಷಕ್ಕೆ ಮತ್ತೊಮ್ಮೆ ಕೊಳವೆ.

ಇದು ಒಂಥರಾ ವಿಚಿತ್ರ ಜಾಗ. ರೋಗಿಯೂ ಅಲ್ಲ, ರೋಗಿ ಅಲ್ಲದವನೂ ಅಲ್ಲ. ಗೊತ್ತಾಗದೇ ಇದ್ದಿದ್ದರೇ ಚೆನ್ನಾಗಿತ್ತು ಅಂತ ಕೆಲವು ರಾತ್ರಿ ಅನ್ನಿಸಿದ್ದುಂಟು. ಬೆಳಗ್ಗೆ ಎದ್ದ ಮೇಲೆ ಹಾಗನ್ನಿಸೋದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ಚಿಕ್ಕಪ್ಪನಿಗೆ ಸಿಕ್ಕಿದ್ದು ಮರ. ನನ್ನದು ಗಿಡವೂ ಅಲ್ಲ, ಬೀಜ ಬೀಳಬಹುದಾದ ಮಣ್ಣು ಅಷ್ಟೇ. ಕಾವಲು ಕೂರಬಹುದು.

ಜಪಾನ್ ಮತ್ತು ಕೊರಿಯಾದವರು ಕಾವಲು ಕೂತದ್ದು ಹೀಗೇ. ಅಲ್ಲಿ ಜಠರದ ಕ್ಯಾನ್ಸರ್ ಜಾಸ್ತಿ. ಕೊರಿಯಾದಲ್ಲಿ ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರದ ತಪಾಸಣೆ. ಜಪಾನ್ ಮೊದಲು ಎಕ್ಸ್‌ರೇ ಮಾಡುತ್ತಿತ್ತು, 2016ರಿಂದ ಎಂಡೋಸ್ಕೋಪಿಯನ್ನೂ ಸೇರಿಸಿತು. ಆರಂಭದಲ್ಲೇ ಸಿಕ್ಕ ಜಠರದ ಕ್ಯಾನ್ಸರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ಹೊಟ್ಟೆ ಕೊಯ್ಯದೇ, ಅದೇ ಕೊಳವೆಯ ಮೂಲಕ ಕೆಟ್ಟ ಪದರವನ್ನಷ್ಟೇ ದೋಸೆ ಎಬ್ಬಿಸಿದ ಹಾಗೆ ಎಬ್ಬಿಸಿ ತೆಗೆದು ಬಿಡ್ತಾರೆ.

ಹಾಗಂತ ನಾಳೆಯೇ ಎಲ್ಲರೂ ಹೋಗಿ ಕೊಳವೆ ನುಂಗಿ ಅಂತ ನಾನು ಹೇಳ್ತಿಲ್ಲ. ನಮ್ಮಲ್ಲಿ ಸರ್ಕಾರದ ತಪಾಸಣೆ ಇರೋದು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿಗೆ, ಮೂವತ್ತು ದಾಟಿದವರಿಗೆ. ಅದನ್ನಾದರೂ ಮಾಡಿಸಿಕೊಂಡವರು ನಮ್ಮ ಮನೆಗಳಲ್ಲಿ ಎಷ್ಟು ಜನ, ಎಣಿಸಿ ನೋಡಿ. ಹೊಟ್ಟೆಗೆ ಅಂಥ ಸಾಮೂಹಿಕ ತಪಾಸಣೆ ಇಲ್ಲ. ಲೇಸರು, ಓಸಿಟಿ ಎಲ್ಲಾ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರೋದು ದೂರದ ಮಾತು.

ಆದರೆ ಯಂತ್ರವೊಂದೇ ಅಲ್ಲ ಅಂತ ಹೇಳುವ ಎರಡು ಅಧ್ಯಯನ ನನಗೆ ಬಹಳ ಹಿಡಿಸಿದವು. 2006ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಪರೀಕ್ಷೆ ಮಾಡುವ ವೈದ್ಯರ ಗಡಿಯಾರ ನೋಡಿದರು. ಕೊಳವೆಯನ್ನು ವಾಪಸ್ಸು ತೆಗೆಯುವಾಗ ಸರಾಸರಿ ಆರು ನಿಮಿಷ ಅಥವಾ ಹೆಚ್ಚು ತೆಗೆದುಕೊಂಡವರಿಗೆ, ಬೇಗ ಬೇಗ ಎಳೆದವರಿಗಿಂತ ಎಷ್ಟೋ ಹೆಚ್ಚು ಗಂಟುಗಳು ಸಿಕ್ಕವು. ಅದೇ ಕೊಳವೆ, ಅದೇ ಬೆಳಕು, ವ್ಯತ್ಯಾಸ ತಾಳ್ಮೆಯದು! 2014ರ ಇನ್ನೊಂದರಲ್ಲಿ, ವೈದ್ಯರ ಗಂಟು ಹುಡುಕುವ ಪ್ರಮಾಣ ಶೇಕಡಾ 1ರಷ್ಟು ಏರಿದರೆ, ಪರೀಕ್ಷೆ ಮಾಡಿಸಿಕೊಂಡವರಿಗೆ ಮುಂದೆ ಕರುಳಿನ ಕ್ಯಾನ್ಸರ್ ಬರುವ ಅಪಾಯ ಶೇಕಡಾ 3ರಷ್ಟು ಇಳಿಯುತ್ತಿತ್ತು. ಈಗ ಪರದೆಯ ಮೇಲೆ ಅನುಮಾನದ ಜಾಗಕ್ಕೆ ಚೌಕ ಹಾಕಿ ತೋರಿಸುವ ಕಂಪ್ಯೂಟರೂ ಬಂದಿದೆ, ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೂ ಅಲ್ಲಿ ನಿಂತು ನೀರು ಚಿಮ್ಮಿಸಿ ಇನ್ನೊಮ್ಮೆ ನೋಡುವ ವೈದ್ಯರು ಬೇಕು. ನಮ್ಮ ಡಾಕ್ಟರು ನಿಂತ ಆ ಒಂದು ನಿಮಿಷಕ್ಕೆ ನಾನು ಋಣಿ. ಜೇಡದ ಫೋಟೋಕ್ಕೆ ಕಾದವನಿಗೆ ಆ ನಿಲ್ಲುವಿಕೆಯ ಬೆಲೆ ಗೊತ್ತು.

ಈಗ ಇದನ್ನೆಲ್ಲಾ ಯಾಕೆ ಬರೆದೆ ಅಂತ ಹೇಳ್ತೀನಿ. ಚಿಕ್ಕಪ್ಪನ ಮಗ ಇದ್ದಾನೆ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅದೇ ತೋಟ, ಅದೇ ಕವಳ, ಅದೇ ಹೊಗೆಸೊಪ್ಪು. ಅಡಿಕೆ ಬೆಳೆದು ಬದುಕಿದ ಮನೆ ನಮ್ಮದು, ಅದರ ದುಡ್ಡಲ್ಲೇ ನಾನೂ ಓದಿದ್ದು. ಹಾಗಾಗಿ ಅಡಿಕೆಯನ್ನು ಬಾಯಿಗೆ ಬಂದ ಹಾಗೆ ಬೈಯೋಕೆ ನನ್ನಿಂದಾಗೋದಿಲ್ಲ. ಆದರೆ ಹೊಗೆಸೊಪ್ಪಿನ ಕವಳ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿಗೆ ಕಾರಣ ಅನ್ನೋದು ಈಗ ಚರ್ಚೆಯ ವಿಷಯವಾಗಿ ಉಳಿದಿಲ್ಲ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅವನು ಹೋಳಿಗೆ ತಿನ್ನುತ್ತಾ ಎರಡು ಸಲ ನೀರು ಕುಡಿದ. ಹೋಳಿಗೆಗೆ ಯಾರು ಬೇಕಾದರೂ ನೀರು ಕುಡೀತಾರೆ, ಒಪ್ಪಿದೆ. ಆದರೂ ನನ್ನ ಕೈ ತುತ್ತು ಅಲ್ಲೇ ನಿಂತಿತು. ಅತ್ತಿಗೆ ಮುಖ ನೋಡಿದೆ, ಅವರೂ ಅವನ ಲೋಟವನ್ನೇ ನೋಡುತ್ತಿದ್ದರು.

ಆಮೇಲೆ ಅಂಗಳದಲ್ಲಿ ಕೂತು ನನ್ನ ಹೊಟ್ಟೆಯ ಫೋಟೋ ಪ್ರಿಂಟುಗಳನ್ನು ತೋರಿಸಿದೆ. ಗುಲಾಬಿಯದು, ಹಸಿರು ನೀಲಿಯದು. ತಿರುಗಿಸಿ ತಿರುಗಿಸಿ ನೋಡಿದ. 'ಇದೇನೋ ತೋಟದ ಕೊಳೆರೋಗದ ಫೋಟೋ ಇದ್ದಂಗಿದೆ' ಅಂದ. ಕೊಳೆಗೆ ಮಳೆ ಹಿಡಿಯೋ ಮೊದಲೇ ಬೋರ್ಡೋ ಹೊಡೀತೀಯಲ್ಲ, ಕಾಯಿ ಉದುರಿದ ಮೇಲೆ ಹೊಡೀತೀಯಾ ಅಂತ ಕೇಳಿದೆ. ನಕ್ಕ. ಅಯೋಡಿನ್ ಹಾಕಿ ನೋಡುವ ವಿಷಯ ಹೇಳಿದೆ, ಆಸಕ್ತಿಯಿಂದ ಕೇಳಿದ. ಬರೋದಕ್ಕೆ ಒಪ್ಪಿದ. ಆಮೇಲೆ ಎದ್ದು ಹೋಗುವಾಗ, 'ಕೊನೆ ಕೊಯ್ಲು ಮುಗೀಲಿ' ಅಂದ.

ಆ ಮಾತು ಆಡಿದ್ದು ಅವನಿಗೆ ಅರಿವಾಯಿತೋ ಇಲ್ಲವೋ. ನನಗೂ ಅತ್ತಿಗೆಗೂ ಕೇಳಿಸಿತು.

ಮೊನ್ನೆ ಫೋನ್ ಮಾಡಿದ್ದೆ. ಅವನಿಗೆ ಕಾಯಿಲೆಯ ಭಯಕ್ಕಿಂತ ಆ ಕೊಳವೆ ಗಂಟಲಲ್ಲಿ ಇಳಿಯುವ ಭಯ ಜಾಸ್ತಿ ಇದ್ದಂತಿದೆ. 'ನಿಂಗೆ ಕ್ಯಾಮೆರಾ ಅಂದ್ರೆ ಹುಚ್ಚು, ಅದಕ್ಕೇ ನುಂಗ್ದೆ' ಅಂತಾನೆ. ನನ್ನೊಬ್ಬನ ಮಾತು ಸಾಲೋದಿಲ್ಲ. ನೀವು ಯಾರಾದರೂ ಎಂಡೋಸ್ಕೋಪಿ ಮಾಡಿಸಿಕೊಂಡಿದ್ದರೆ, ಇಲ್ಲವೇ ನಿಮ್ಮ ಅಪ್ಪ ಅಮ್ಮನಿಗೆ ಮಾಡಿಸಿದ್ದರೆ, ಹೇಗಿತ್ತು ಅಂತ ಕೆಳಗೆ ನಾಲ್ಕು ಸಾಲು ಬರೀರಿ. ಇದ್ದದ್ದು ಇದ್ದ ಹಾಗೆ ಬರೀರಿ, ಕಷ್ಟ ಆಗಿದ್ದರೆ ಕಷ್ಟ ಅಂತಲೇ. ನಿದ್ದೆ ಇಂಜೆಕ್ಷನ್ ತಗೊಂಡವರು ಇದ್ದರೆ ಅದನ್ನೂ ಹೇಳಿ, ಅವನಿಗೆ ಅದೇ ವಾಸಿ ಅನ್ನಿಸುತ್ತೆ. ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ. ಎಲ್ಲಾ ಪ್ರಿಂಟ್ ತೆಗೆದುಕೊಂಡು ಹೋಗಿ ಅವನಿಗೆ ಓದಿಸಬೇಕು ಅಂತಿದ್ದೀನಿ.